ಗೋದೋಹನವರ್ಣನೆಗಳ ಅರ್ಥವಿಚಾರ

ಹಸುವಿನ ಪ್ರಸ್ತಾವವಿಲ್ಲದ ಮಹಾಕಾವ್ಯವು ವಿರಳ. ಹಸುವನ್ನು ಕರೆಯುವ ಕ್ರಿಯೆಯನ್ನು ಬಲ್ಲ ವ್ಯಾಖ್ಯಾನವು ಅದಕ್ಕಿಂತಲೂ ವಿರಳ. ಕೆಚ್ಚಲಿನ ಆಕಾರ, ಹಾಲು ಇಳಿಯುವ ರೀತಿ, ಕರುವನ್ನು ಬಿಡುವ ಮತ್ತು ಕಟ್ಟುವ ಕ್ರಮ, ಕರೆಯುವವನ ಶೌಚ ಎಂಬಿವನ್ನು ಹೇಳುವ ಪದಗಳು ಕಾವ್ಯಗಳಲ್ಲಿಯೂ ಶ್ರೌತಗ್ರಂಥಗಳಲ್ಲಿಯೂ ಹೇರಳವಾಗಿದ್ದರೂ, ಅವುಗಳ ಮೇಲೆ ಇಡಬೇಕಾದಷ್ಟು ದೃಷ್ಟಿಯನ್ನು ಪಾಠ ಹೇಳುವವರು ಇಟ್ಟಂತೆ ತೋರುವುದಿಲ್ಲ. ಈಗ ಪ್ರಚಾರದಲ್ಲಿರುವ ವಿವರಣೆಗಳು ಎರಡು ಪಕ್ಷಗಳಾಗಿ ಒಡೆದಿವೆ. ಒಂದು ಪಕ್ಷದವರಿಗೆ ಇವೆಲ್ಲವೂ ಅಲಂಕಾರ. ಕೆಚ್ಚಲು ತಾನಾಗಿ ಸುರಿಯಿತೆಂದರೆ ಅತಿಶಯೋಕ್ತಿ, ಕರುವನ್ನು ಕಂಡು ಸುರಿಯಿತೆಂದರೆ ವಾತ್ಸಲ್ಯದ ಅಭಿವ್ಯಕ್ತಿ, ಅಲ್ಲಿಗೆ ಮಾತು ಮುಗಿಯಿತು. ಇನ್ನೊಂದು ಪಕ್ಷದವರಿಗೆ ಇವೆಲ್ಲವೂ ವಿಜ್ಞಾನ; ಈಚೆಗೆ ಸೂಕ್ಷ್ಮದರ್ಶಕಯಂತ್ರದಿಂದ ಕಂಡುಕೊಂಡ ರೋಗಾಣುಗಳನ್ನು ಋಷಿಗಳು ಎಂದೋ ಕಂಡಿದ್ದರೆಂದೂ, ಶೌಚವಿಧಿಗಳೆಲ್ಲ ಅದಕ್ಕಾಗಿಯೇ ಹುಟ್ಟಿದುವೆಂದೂ ಅವರ ವಾದ. ಮೇಲುನೋಟಕ್ಕೆ ಪರಸ್ಪರ ವಿರುದ್ಧವಾದ ಈ ಎರಡು ಪಕ್ಷಗಳಿಗೂ ದೋಷವೊಂದೇ ಆಗಿದೆ. ಪದವು ಎಷ್ಟನ್ನು ಹೇಳುತ್ತದೆಯೋ ಅಷ್ಟರಲ್ಲಿ ಅದನ್ನು ನಿಲ್ಲಿಸದೆ, ಮೊದಲನೆಯವರು ಅದನ್ನು ಕುಗ್ಗಿಸುತ್ತಾರೆ, ಎರಡನೆಯವರು ಹಿಗ್ಗಿಸುತ್ತಾರೆ.

ಮೊದಲು ರಘುವಂಶದ ನಂದಿನಿಯನ್ನು ತೆಗೆದುಕೊಳ್ಳಬಹುದು. ಪ್ರಥಮಸರ್ಗದ ೮೪ನೆಯ ಶ್ಲೋಕದಲ್ಲಿ ವಸಿಷ್ಠಾಶ್ರಮಕ್ಕೆ ಹಿಂದಿರುಗುವ ಹಸುವನ್ನು ಕಾಳಿದಾಸನು ವರ್ಣಿಸುವಾಗ ನಾಲ್ಕು ಸಂಗತಿಗಳನ್ನು ಹೇಳುತ್ತಾನೆ: ಆಕೆ ಕುಂಡೋಧ್ನಿ, ಆಕೆಯ ಹಾಲು ಕೋಷ್ಣವಾದುದು, ಯಜ್ಞಾಂತದ ಅವಭೃಥಸ್ನಾನಕ್ಕಿಂತಲೂ ಮೇಧ್ಯವಾದುದು, ಕರುವನ್ನು ಕಂಡಮಾತ್ರಕ್ಕೆ ಹೊರಟು ನೆಲವನ್ನು ನೆನೆಸುವಂತಹುದು. ಇವುಗಳಲ್ಲಿ ವಿದ್ಯಾರ್ಥಿಗಳಿಗೆ ವಿಸ್ತಾರವಾಗಿ ಬೋಧಿಸಲ್ಪಡುವುದು ‘ಕುಂಡೋಧ್ನೀ’ ಎಂಬ ರೂಪವೊಂದೇ. ಪಾಣಿನೀಯದ ಐದನೆಯ ಅಧ್ಯಾಯದ ಸೂತ್ರದಿಂದ (೫-೪-೧೩೧) ಊಧಸ್ ಶಬ್ದದ ಕೊನೆಗೆ ಆದೇಶ ಬರುವುದನ್ನೂ, ನಾಲ್ಕನೆಯ ಅಧ್ಯಾಯದ ಸೂತ್ರದಿಂದ (೪-೧-೨೫) ಸ್ತ್ರೀಪ್ರತ್ಯಯ ಬರುವುದನ್ನೂ ಮಲ್ಲಿನಾಥನು ತೋರಿಸಿರುವನು. ಗುರುಗಳು ಅದನ್ನು ಒಪ್ಪಿಸಿ ಮುಂದೆ ಹೋಗುವರು. ರೂಪಸಿದ್ಧಿಯು ಬೇಕಾದುದೇ. ಆದರೆ ಒಂದು ಪ್ರಾಣಿಯ ಒಂದು ಅಂಗಕ್ಕಾಗಿ ಪ್ರತ್ಯೇಕವಾಗಿ ಎರಡು ಸೂತ್ರಗಳನ್ನು ರಚಿಸಬೇಕಾಗಿ ಬಂದ ಭಾಷೆಯಲ್ಲಿ ಆ ಅಂಗದ ವಿಷಯದಲ್ಲಿ ಜನರಿಗೆ ಎಷ್ಟು ಗಮನವಿದ್ದಿರಬೇಕೆಂಬ ಪ್ರಶ್ನೆಯನ್ನು ಕೇಳುವವರೇ ಇಲ್ಲ.

‘ಕೋಷ್ಣ’ ಎಂದರೆ ಸ್ವಲ್ಪ ಬಿಸಿಯಾದುದು. ಹಸುವಿನ ಮೈಶಾಖವು ಸುಮಾರು ೩೮.೫ ಸೆಂಟಿಗ್ರೇಡ್, ಮನುಷ್ಯನ ಮೈಗಿಂತ ಒಂದೂವರೆ ಡಿಗ್ರಿಯಷ್ಟು ಹೆಚ್ಚು, ಅಂಗೈಗಿಂತ ಇನ್ನೂ ಹೆಚ್ಚು. ಕರೆಯುವವನ ಕೈಗೆ ಹಾಲು ಹೇಗೆ ಮುಟ್ಟುವುದೋ ಅದನ್ನೇ ಕವಿಯು ಹೇಳಿರುವನು, ‘ಉಷ್ಣ’ವೆಂದಿದ್ದರೆ ತಪ್ಪಾಗುತ್ತಿತ್ತು. ಇನ್ನು ಕರುವಿನ ದರ್ಶನದಿಂದ ಹೊರಡುವ ಪ್ರಸ್ರವದ ಮಾತು. ಇದನ್ನು ಅತಿಶಯೋಕ್ತಿಯೆನ್ನುವವರು ಹಸುವಿನ ಹತ್ತಿರ ಹೋದವರಲ್ಲ. ಮಮ್ಮಟನು ಕಾವ್ಯಪ್ರಕಾಶದಲ್ಲಿ ಲಕ್ಷಣೆಗೆ ಹೇಳಿದ ಮೊದಲನೆಯ ನಿಬಂಧನೆಯೇ ಮುಖ್ಯಾರ್ಥಬಾಧ. ಮುಖ್ಯಾರ್ಥಕ್ಕೆ ಬಾಧೆಯಿಲ್ಲದ ಕಡೆ ಇನ್ನೊಂದು ಅರ್ಥವನ್ನು ಹುಡುಕುವುದಕ್ಕೆ ಅವಕಾಶವಿಲ್ಲ. ಇಲ್ಲಿ ಬಾಧೆಯು ಲೇಶವೂ ಇಲ್ಲ.

ಏಕೆಂದರೆ, ಹಾಲು ಕೆಚ್ಚಲಿನಲ್ಲಿ ಕೊಡದಲ್ಲಿ ನೀರಿರುವಂತೆ ಇರುವುದಿಲ್ಲ. ಅದರ ಬಹುಭಾಗವು ಅತಿಸೂಕ್ಷ್ಮವಾದ ಕೋಶಗಳಲ್ಲಿ ಹಿಡಿದಿಟ್ಟಿರುತ್ತದೆ, ಹಿಂಡಿದಮಾತ್ರಕ್ಕೆ ಬಾರದು. ಕರು ಮೂತಿಯಿಟ್ಟಾಗ, ಅಥವಾ ಅದು ಕಣ್ಣಿಗೆ ಬಿದ್ದಾಗ, ಕೂಗಿದಾಗ, ಅಥವಾ ನಿತ್ಯವೂ ಕರೆಯುವವರ ತಂಬಿಗೆಯ ಸದ್ದಾದಾಗ, ಹಸುವಿನ ಮಿದುಳಿನ ಬುಡದಲ್ಲಿರುವ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ದ್ರವ್ಯವು ರಕ್ತಕ್ಕೆ ಇಳಿದು, ಕೆಚ್ಚಲನ್ನು ತಲಪಿ, ಆ ಕೋಶಗಳನ್ನು ಸುತ್ತಿರುವ ಸ್ನಾಯುಸದೃಶವಾದ ಕಣಗಳನ್ನು ಕುಗ್ಗಿಸುತ್ತದೆ. ಸುಮಾರು ಒಂದು ನಿಮಿಷದೊಳಗೆ ಕೆಚ್ಚಲು ಬಿಗಿದು ತೊಟ್ಟುಗಳು ತುಂಬಿಕೊಳ್ಳುತ್ತವೆ. ಇದನ್ನೇ ಹಳ್ಳಿಯವರು ತೊರೆ ಬಿಡುವುದು, ಸೊರ ಬಿಡುವುದು ಎನ್ನುತ್ತಾರೆ. ಆ ಬಲವು ಐದಾರು ನಿಮಿಷ, ಹೆಚ್ಚೆಂದರೆ ಏಳೆಂಟು ನಿಮಿಷ ನಿಲ್ಲುವುದು; ಅಷ್ಟರಲ್ಲಿ ಕರೆದು ಮುಗಿಸದಿದ್ದರೆ ಉಳಿದ ಹಾಲು ಒಳಗೇ ನಿಲ್ಲುತ್ತದೆ. ಹಸು ಬೆದರಿದರೆ ತೊರೆಯು ಅಡಗುತ್ತದೆ. ೧೯೪೧ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ವಿದ್ವಾಂಸರು ಕರೆಯುವ ಹೊತ್ತಿಗೆ ಹಸುವಿನ ಪಕ್ಕದಲ್ಲಿ ಕಾಗದದ ಚೀಲಗಳನ್ನು ಊದಿ ಒಡೆದು ಬೆದರಿಸಿ ಇದನ್ನು ಪರೀಕ್ಷಿಸಿ ನೋಡಿದರು. ಅವರ ಪರೀಕ್ಷೆಯು ಬರುವುದಕ್ಕೆ ಬಹು ಪೂರ್ವದಲ್ಲಿಯೇ, ಒದೆಯುವ ಹಸುವನ್ನು ಹೊಡೆದು ಕರೆದರೆ ಹಾಲು ‘ಏರಿಸಿಕೊಳ್ಳುತ್ತದೆ’ ಎಂಬ ಮಾತು ಕೊಟ್ಟಿಗೆಗಳಲ್ಲಿ ಇದ್ದೇ ಇತ್ತು.

ಆದುದರಿಂದ ಕಾಳಿದಾಸನ ವಾಕ್ಯವು ಯಥಾರ್ಥಕಥನವಾಗಿದೆ. ಯಥಾರ್ಥವಾದುದರಿಂದ ವಾತ್ಸಲ್ಯವು ಕೆಟ್ಟಿತೆಂದು ಯಾರೂ ಚಿಂತಿಸಬೇಕಾಗಿಲ್ಲ. ವಾಚ್ಯವು ದೃಢವಾಗಿ ನಿಂತ ಮೇಲೆಯೇ ವ್ಯಂಗ್ಯವು ಹೊಳೆಯುವುದೆಂಬುದು ಆನಂದವರ್ಧನನ ಮತ. ದೀಪವನ್ನು ಬಿಟ್ಟು ಬೆಳಕನ್ನು ಹಿಡಿಯಹೊರಟರೆ ಸಿಕ್ಕುವುದು ಕತ್ತಲೆ. ಈ ವಾಚ್ಯದ ನಿಜವು ಎಷ್ಟು ಕಠೋರವಾಗಿರಬಹುದೆಂಬುದಕ್ಕೆ ಪಟ್ಟಣಗಳ ಹಾಲುಗಾರಿಕೆಯಲ್ಲಿ ಉದಾಹರಣೆಯುಂಟು. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿದರೆ ತಾಯಿ ಅದನ್ನು ನೆಕ್ಕಿ ತೊರೆ ಬಿಡುತ್ತದೆ. ಅದಕ್ಕಿಂತಲೂ ಹೇಯವಾದ, ಹಸುವಿನ ಗರ್ಭದ್ವಾರದಲ್ಲಿ ಗಾಳಿಯೂದಿ ಹಾಲಿಳಿಸುವ ‘ಫೂಕಾ’ ಎಂಬ ಕ್ರಮವನ್ನು ೧೯೬೦ರ ಪ್ರಾಣಿಹಿಂಸಾನಿವಾರಣ ಶಾಸನದ ೧೨ನೆಯ ವಿಧಿಯು ಹೆಸರೆತ್ತಿ ನಿಷೇಧಿಸಿದೆ. ಕವಿಯ ‘ವತ್ಸಾಲೋಕ’ವನ್ನು ಅಲಂಕಾರವೆಂದು ತಳ್ಳಿದ ವಿದ್ವಾಂಸರಿಗಿಂತ, ಹುಲ್ಲು ತುಂಬಿದ ಆ ವ್ಯಾಪಾರಿಯೇ ಪದದ ಅರ್ಥವನ್ನು ಚೆನ್ನಾಗಿ ಬಲ್ಲವನಾಗಿದ್ದನೆಂಬುದು ವಿಷಾದಕರ.

ಇಲ್ಲಿಯೇ ನಿಘಂಟಿನ ವಿಷಯವೊಂದನ್ನು ಹೇಳತಕ್ಕದ್ದು. ಸಂಸ್ಕೃತದಲ್ಲಿ ಊಧಸ್ ಬೇರೆ, ಸ್ತನ ಬೇರೆ. ಕನ್ನಡದಲ್ಲಿ ಕೆಚ್ಚಲು ಬೇರೆ, ಮೊಲೆ ಅಥವಾ ತೊಟ್ಟು ಬೇರೆ. ಪಠ್ಯಪುಸ್ತಕಗಳ ಕೊನೆಯ ಪದಕೋಶಗಳಲ್ಲಿ ಕೆಚ್ಚಲೆಂದರೆ ಮೊಲೆಯೆಂದು ಬರೆದಿರುವುದು ಒಮ್ಮೊಮ್ಮೆ ಕಾಣುತ್ತದೆ. ಇದು ಸರಿಯಲ್ಲ. ಹಸುವಿಗೆ ಕೆಚ್ಚಲು ಒಂದು, ಮೊಲೆ ನಾಲ್ಕು. ಒಳಗೆ ನಾಲ್ಕು ಭಾಗಗಳೂ ಪ್ರತ್ಯೇಕವಾಗಿದ್ದು ಒಂದರ ಹಾಲು ಇನ್ನೊಂದಕ್ಕೆ ಹರಿಯದು. ಕೆಚ್ಚಲುಬಾವು ಬಂದಾಗ ಒಂದು ಮೊಲೆ ಕೆಟ್ಟು ಮೂರು ಉಳಿಯುವುದು ಇದರಿಂದಲೇ. ‘ಮೂರು ಮೊಲೆಯ ಹಸು’ ಎಂಬ ಮಾತಿನ ಹಿಂದೆ ಒಬ್ಬ ಬಡವನ ನಷ್ಟದ ಕಥೆಯೇ ಅಡಗಿರುತ್ತದೆ; ಪದಕೋಶವು ಅದನ್ನು ಅಳಿಸಿಹಾಕಬಾರದು.

ದ್ವಿತೀಯಸರ್ಗದ ಆರಂಭದಲ್ಲಿ ನಂದಿನಿಯ ಕರುವಿಗೆ ಹಾಲು ಕುಡಿಸಿ ಆಮೇಲೆ ಕಟ್ಟಿದರೆಂದೂ, ಅದೇ ಸರ್ಗದ ೬೬ನೆಯ ಶ್ಲೋಕದಲ್ಲಿ ದಿಲೀಪನು ಕರು ಕುಡಿದು, ಹೋಮಕ್ಕೆ ವಿನಿಯೋಗವಾಗಿ, ಮಿಕ್ಕ ‘ಔಧಸ್ಯ’ವನ್ನು ಮಾತ್ರ ಗುರುವಿನ ಅನುಜ್ಞೆಯಿಂದ ಸ್ವೀಕರಿಸುವೆನೆಂದೂ ಇದೆ. ಹಾಲಿಗೆ ಕ್ಷೀರ ಪಯಸ್ಸು ಮೊದಲಾದ ಪದಗಳು ಸುಲಭವಾಗಿ ದೊರೆಯುತ್ತಿರಲು, ಕೆಚ್ಚಲಿನಿಂದಲೇ ಹುಟ್ಟಿದುದೆಂಬ ಅರ್ಥದ ಪದವನ್ನು ರಾಜನ ಬಾಯಲ್ಲಿ ಇಟ್ಟಿರುವುದು ಗಮನಾರ್ಹವಾಗಿದೆ: ಇಪ್ಪತ್ತೊಂದು ದಿನ ಹಸುವಿನ ಹಿಂದೆ ಅಲೆದವನ ಮಾತು ಅದು. ಕರುವಿಗೆ ಮೊದಲು ಎಂಬ ಈ ಕ್ರಮವನ್ನು ಧರ್ಮವೆಂದು ಮಾತ್ರ ವಿವರಿಸುವುದು ರೂಢಿ. ಧರ್ಮವೂ ಹೌದು, ಉಪಾಯವೂ ಹೌದು. ಕರು ಮೊದಲು ಮೂತಿಯಿಡದೆ ದೇಶೀಯ ಹಸುಗಳಲ್ಲಿ ಅನೇಕವು ತೊರೆ ಬಿಡುವುದೇ ಇಲ್ಲ. ಕರುವಿಗೆ ಕುಡಿಯಲು ಬಿಟ್ಟ ಹಸುಗಳಲ್ಲಿ ಕೆಚ್ಚಲುಬಾವು ಕಡಿಮೆಯಾಗಿರುವುದು ಉಷ್ಣದೇಶಗಳಲ್ಲಿ ನಡೆದ ಹಲವು ಪರೀಕ್ಷೆಗಳಲ್ಲಿ ಕಂಡಿದೆ. ಕಡೆಯ ಹನಿಯವರೆಗೆ ಕರುವು ಚೀಪಿ ತೆಗೆಯುವುದು ಅದಕ್ಕೆ ಒಂದು ಕಾರಣವಾಗಿರಬಹುದೆಂದು ಊಹಿಸಲಾಗಿದೆ. ಆದರೆ ಕರುವಿನ ಜೊಲ್ಲಿನಿಂದ ಒದ್ದೆಯಾದ ಮೊಲೆಯನ್ನು ಹಾಗೆಯೇ ಕರೆಯುವುದು ಯುಕ್ತವಲ್ಲ. ತೊಳೆದು, ಒರಸಿ, ಒಣಗಿಸಿದ ಮೇಲೆ ಕರೆಯತಕ್ಕದ್ದೆಂಬುದು ಇಂದಿನ ಪಶುವೈದ್ಯರ ವಿಧಿ. ಕಾಳಿದಾಸನಲ್ಲಿ ಆ ಮಾತಿಲ್ಲ. ಇಲ್ಲವೆಂದು ಒಪ್ಪಿಕೊಳ್ಳುವುದರಿಂದ ಕಾಳಿದಾಸನಿಗೆ ಏನೂ ಕಡಿಮೆಯಾಗುವುದಿಲ್ಲ.

ಈಗ ಎರಡನೆಯ ಪಕ್ಷವನ್ನು ಪರಿಶೀಲಿಸಬೇಕು. ಈ ಪಕ್ಷದವರಿಗೆ ಮೇಲಣ ಶ್ಲೋಕದಲ್ಲಿ ಪ್ರಿಯವಾದ ಪದವೆಂದರೆ ‘ಮೇಧ್ಯ’. ಹಾಲು ಮೇಧ್ಯವೆಂದರೆ ನಿರ್ದುಷ್ಟ, ರೋಗಾಣುರಹಿತ ಎಂದು ಅವರ ವ್ಯಾಖ್ಯಾನ. ಮೇಧವೆಂದರೆ ಯಜ್ಞ, ಯಜ್ಞಕ್ಕೆ ಅರ್ಹವಾದುದು ಮೇಧ್ಯ. ಅವಭೃಥದೊಡನೆ ಹೋಲಿಸಿರುವುದರಿಂದಲೇ ಅದು ಸ್ಪಷ್ಟವಾಗಿದೆ. ಹೀಗಿರಲು ಒಂದೇ ಶ್ಲೋಕದಲ್ಲಿ ಕೋಷ್ಣವು ಕೈಗೆ ತಿಳಿದ ಗುಣವನ್ನು ಹೇಳುತ್ತದೆ, ಮೇಧ್ಯವು ಶಾಸ್ತ್ರಕ್ಕೆ ತಿಳಿದ ಗುಣವನ್ನು ಹೇಳುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪ್ರಮಾಣಸಾಂಕರ್ಯವೆನಿಸುತ್ತದೆ.

ಕೃಷ್ಣಯಜುರ್ವೇದದ ತೈತ್ತಿರೀಯ ಸಂಹಿತೆಯು ಆರಂಭವಾಗುವುದೇ ಹಸುಗಳ ವಿಷಯದಿಂದ ಎಂಬುದು ವೈದಿಕರಿಗೆ ವಿದಿತವಾಗಿದೆ. ದರ್ಶಪೂರ್ಣಮಾಸದಲ್ಲಿ ಸಾನ್ನಾಯ್ಯಕ್ಕಾಗಿ ಹಾಲು ಕರೆಯಬೇಕಾದುದರಿಂದ, ಮರದ ಕೊಂಬೆಯೊಂದನ್ನು ಕಡಿದು ಅದರಿಂದ ಕರುಗಳನ್ನು ತಾಯಿಯರಿಂದ ಅಟ್ಟುವ ಸಂದರ್ಭದ ಮಂತ್ರಗಳು ಅವು. ಅಲ್ಲಿ ಹಸುಗಳು ಅನಮೀವವಾಗಿಯೂ ಅಯಕ್ಷ್ಮವಾಗಿಯೂ ಇರಲೆಂಬ ಪ್ರಾರ್ಥನೆಯಿದೆ. ಯಕ್ಷ್ಮಶಬ್ದವನ್ನು ಕಂಡೊಡನೆ ಕ್ಷಯರೋಗವೆಂದು ಗ್ರಹಿಸಿ, ಹಸುವಿನ ಕ್ಷಯವು ಹಾಲಿನ ಮೂಲಕ ಮನುಷ್ಯನಿಗೆ ಬರುವುದೆಂಬ ತತ್ತ್ವವು ಯಜುರ್ವೇದದ ಮೊದಲ ಅನುವಾಕದಲ್ಲಿಯೇ ಇದೆಯೆಂದು ಸಾರುವವರುಂಟು. ರೋಗತತ್ತ್ವವು ಸತ್ಯವೇ, ಹಸುವಿನ ಕ್ಷಯವು ಕಾಯಿಸದ ಹಾಲಿನಿಂದ ಮನುಷ್ಯನಿಗೆ ತಗುಲುವುದುಂಟು. ಆದರೆ ವೇದಗಳಲ್ಲಿ ಯಕ್ಷ್ಮವೆಂಬುದು ರೋಗಮಾತ್ರಕ್ಕೆ ಸಾಧಾರಣವಾದ ಹೆಸರು. ಋಗ್ವೇದದ ಹತ್ತನೆಯ ಮಂಡಲದ ೧೬೩ನೆಯ ಸೂಕ್ತದಲ್ಲಿ ಕಣ್ಣು ಮೂಗು ಮೊದಲುಗೊಂಡು ಒಂದೊಂದು ಅಂಗದಿಂದಲೂ ಯಕ್ಷ್ಮವನ್ನು ತೆಗೆದುಹಾಕುವ ಮಾತು ಬರುತ್ತದೆ. ಆ ಪದವು ರಾಜಯಕ್ಷ್ಮಕ್ಕೆ ಸಂಕೋಚಗೊಂಡುದು ಆಮೇಲಿನ ವೈದ್ಯಗ್ರಂಥಗಳಲ್ಲಿ. ಕ್ಷಯದ ರೋಗಾಣುವನ್ನು ಕೋಖ್ ಎಂಬ ಜರ್ಮನ್ ವೈದ್ಯನು ಪ್ರಕಟಿಸಿದುದು ೧೮೮೨ರಲ್ಲಿ. ಹಸುಗಳಿಗೆ ರೋಗ ಬಾರದಿರಲಿ ಎಂದು ಪ್ರಾರ್ಥಿಸಿದವನು ಹಸುವನ್ನು ಪ್ರೀತಿಸಿದವನು. ಅಷ್ಟು ಸಾಲದೆಂದು ಅವನ ಕೈಗೆ ಸೂಕ್ಷ್ಮದರ್ಶಕವನ್ನು ಕೊಡುವುದು ಗೌರವವಲ್ಲ, ವೇಷಕಟ್ಟುವುದು.

ಇದೇ ಪ್ರಕರಣದಲ್ಲಿ ಹಾಲನ್ನು ಕುಂಭಿಯ ಬಾಯಿಗೆ ಪವಿತ್ರವನ್ನಿಟ್ಟು ಅದರ ಮೂಲಕ ಕರೆಯುವ ವಿಧಿಯಿದೆ. ಸೋಸಣಿಗೆಯಿಂದ ಕೂದಲು, ಸೆಗಣಿಯ ಚೂರು, ಹುಲ್ಲಿನ ಎಸಳು ನಿಲ್ಲುವುದು ಪ್ರತ್ಯಕ್ಷ, ರೋಗಾಣುವು ನಿಲ್ಲದು. ವಿಧಿಯ ತಾತ್ಪರ್ಯವಾದರೋ ಸೋಸುವುದರಲ್ಲಿಲ್ಲ, ಪಾವನಗೊಳಿಸುವುದರಲ್ಲಿದೆ. ಇದಕ್ಕೆ ಸಾಕ್ಷಿ ತೈತ್ತಿರೀಯ ಬ್ರಾಹ್ಮಣದ ಮೂರನೆಯ ಕಾಂಡದಲ್ಲಿಯೇ ದೊರೆಯುತ್ತದೆ. ಅಗ್ನಿಹೋತ್ರದ ಹಾಲನ್ನು ಶೂದ್ರನು ಕರೆಯಕೂಡದು, ಏಕೆಂದರೆ ಆ ಹಾಲಿಗೆ ಪವಿತ್ರಸಂಸ್ಕಾರವಿಲ್ಲ. ಪವಿತ್ರವನ್ನು ದಾಟಿದ ಹಾಲಾದರೆ ಅದು ಹವಿಸ್ಸಾಗುತ್ತದೆ ಎಂಬುದು ಅಲ್ಲಿಯ ಅಭಿಪ್ರಾಯ. ಈ ವಾಕ್ಯದಲ್ಲಿ ಹುಟ್ಟಿನ ಮಾತಿದೆ, ಕೈಯ ಮಾತಿಲ್ಲ. ಕರೆಯುವವನು ಕೈ ತೊಳೆದನೇ, ಅವನ ಉಗುರು ಬೆಳೆದಿತ್ತೇ, ಹಿಂದಿನ ಹಸುವಿನ ಕೆಚ್ಚಲು ಬಾತಿತ್ತೇ ಎಂಬುದು ಅಲ್ಲಿ ವಿಚಾರಿತವಾಗಿಲ್ಲ. ಶೌಚವಿಧಿಗಳೆಲ್ಲವೂ ಆರೋಗ್ಯವಿಧಿಗಳೇ ಎಂಬ ವಾದಕ್ಕೆ ಈ ಒಂದು ಸ್ಥಳವೇ ಸಾಕಾದಷ್ಟು ಪ್ರತ್ಯುತ್ತರವಾಗಿದೆ. ವಾದಿಗಳು ಈ ಸ್ಥಳವನ್ನು ಉದಾಹರಿಸದೆ ಬಿಡುವುದೂ ಆಕಸ್ಮಿಕವಲ್ಲ. ಹುಟ್ಟಿನ ಶೌಚವನ್ನು ಆರೋಗ್ಯದ ಹೆಸರಿನಲ್ಲಿ ಮತ್ತೆ ಒಳತರುವುದಾದರೆ, ತಲೆಮಾರುಗಳಿಂದ ಹಸುವನ್ನು ಸಾಕಿ ಕರೆದು ಊರಿಗೆ ಹಾಲು ಕೊಟ್ಟವರ ಕೈಗಳೇ ಮೊದಲು ಅಶುಚಿಯೆನಿಸಿಕೊಳ್ಳುತ್ತವೆ, ಅನರ್ಥವು ಅಲ್ಲಿದೆ.

ಕೈಯ ಶುಚಿ ಎಂದರೇನೆಂಬುದು ಕೆಚ್ಚಲುಬಾವಿನ ನಿದಾನವನ್ನು ತಿಳಿದರೆ ಸ್ಪಷ್ಟವಾಗುವುದು. ಈ ರೋಗದ ಅಣುಗಳು ಸಾಮಾನ್ಯವಾಗಿ ಮೊಲೆಯ ತುದಿಯ ರಂಧ್ರದಿಂದಲೇ ಒಳಹೋಗುತ್ತವೆ. ಅವುಗಳಲ್ಲಿ ಎರಡು ವರ್ಗ. ಸ್ಟ್ರೆಪ್ಟೊಕಾಕಸ್ ಅಗಲಾಕ್ಷಿಯೇ, ಸ್ಟೆಫಿಲೊಕಾಕಸ್ ಆರಿಯಸ್ ಎಂಬಿವು ರೋಗಿಯಾದ ಕೆಚ್ಚಲಿನಲ್ಲಿಯೇ ನೆಲೆಸಿ, ಕರೆಯುವವರ ಕೈ, ಒರಸುವ ಬಟ್ಟೆ, ಯಂತ್ರದ ಬಟ್ಟಲು ಇವುಗಳ ಮೂಲಕ ಒಂದು ಹಸುವಿನಿಂದ ಇನ್ನೊಂದಕ್ಕೆ ದಾಟುತ್ತವೆ. ಈ. ಕೋಲೈ ಮುಂತಾದುವು ಸೆಗಣಿ, ಕೆಸರು, ಒದ್ದೆ ಹಾಸುಗಳಿಂದ ಬರುತ್ತವೆ. ಕರೆದು ಮುಗಿಸಿದ ಮೇಲೆ ಮೊಲೆಯ ರಂಧ್ರವು ಒಡನೆಯೇ ಮುಚ್ಚದೆ ಕಡಮೆಯೆಂದರೆ ಅರ್ಧ ಗಂಟೆ ತೆರೆದಿರುತ್ತದೆ. ಆ ಹೊತ್ತಿನಲ್ಲಿ ಹಸು ಮಲಗಿದರೆ ಅಪಾಯ. ಕರೆದೊಡನೆ ಮುಂದೆ ಹುಲ್ಲು ಹಾಕಿದರೆ ಹಸು ನಿಂತು ಮೇಯುತ್ತದೆ. ಮೊಲೆಯ ತುದಿಯನ್ನು ಅಯೊಡಿನ್ ದ್ರಾವಣದಲ್ಲಿ ಅದ್ದುವುದು ಇನ್ನೊಂದು ರಕ್ಷೆ. ಮೊದಲ ಕೆಲವು ಧಾರೆಗಳನ್ನು ಹಾಲಿನ ಪಾತ್ರೆಗೆ ಬಿಡದೆ ಕಪ್ಪು ಬಟ್ಟಲಿಗೆ ಕರೆದು, ಹರಳು, ನೀರುನೀರಾಗಿರುವುದು, ರಕ್ತದ ಎಳೆ ಇವು ಉಂಟೇ ಎಂದು ನೋಡತಕ್ಕದ್ದು. ಅದಕ್ಕಿಂತಲೂ ಮುಖ್ಯವಾದುದೆಂದರೆ, ರೋಗವು ಬಹುಮಟ್ಟಿಗೆ ಕಣ್ಣಿಗೆ ಕಾಣದೆಯೇ ಇರುತ್ತದೆ. ಹಾಲು ಬೆಳ್ಳಗಿರುತ್ತದೆ, ಕೆಚ್ಚಲು ಮೃದುವಾಗಿರುತ್ತದೆ, ಹಾಲು ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತದೆ. ಅಂತಹ ಗುಪ್ತರೋಗವನ್ನು ನಾಲ್ಕು ಕುಳಿಗಳ ತಟ್ಟೆಯಲ್ಲಿ ಒಂದು ದ್ರಾವಣವನ್ನು ಬೆರಸಿ, ಹಾಲು ಲೋಳೆಯಾಗುವುದೇ ಎಂದು ನೋಡಿ ಕಂಡುಹಿಡಿಯುವ ಕ್ಯಾಲಿಫೋರ್ನಿಯ ಪರೀಕ್ಷೆಯು ೧೯೫೭ರಲ್ಲಿ ಬಳಕೆಗೆ ಬಂದಿತು.

ಪ್ರಾತಃಸ್ನಾನ ಮಾಡಿ ಮಡಿಯುಟ್ಟು ಬಂದವನೂ ಒಂದನೆಯ ಹಸುವನ್ನು ಕರೆದ ಕೈಯಿಂದಲೇ ಎರಡನೆಯದನ್ನು ಕರೆದರೆ ರೋಗವನ್ನು ದಾಟಿಸಿದಂತೆಯೇ ಆಯಿತು. ಮಡಿಯು ಮನುಷ್ಯನ ಒಂದು ಸ್ಥಿತಿ. ಒಮ್ಮೆ ಪಡೆದರೆ ಕೆಡುವವರೆಗೆ ಉಳಿಯುವಂತಹುದು. ನೈರ್ಮಲ್ಯವು ಕ್ರಿಯೆ, ಒಂದು ಹಸುವಿಗೂ ಇನ್ನೊಂದು ಹಸುವಿಗೂ ನಡುವೆ ಪ್ರತಿಸಲವೂ ಮಾಡತಕ್ಕುದು. ಎರಡಕ್ಕೂ ‘ಶುಚಿ’ ಎಂಬ ಒಂದೇ ಪದವನ್ನು ಬಳಸುವುದರಿಂದ ಹುಟ್ಟಿದ ಭ್ರಾಂತಿಯಿದು.

ಧರ್ಮಗ್ರಂಥಗಳ ಮಾತು ಹೀಗಿರಲು ಅರ್ಥಗ್ರಂಥವು ಬೇರೊಂದು ದಾರಿಯಲ್ಲಿ ನಡೆಯುತ್ತದೆ. ಮೈಸೂರಿನ ಓಲೆಯ ಪ್ರತಿಯಿಂದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟ ಕೌಟಿಲೀಯ ಅರ್ಥಶಾಸ್ತ್ರದ ಗೋಧ್ಯಕ್ಷಪ್ರಕರಣದಲ್ಲಿ ಮಂದೆ ಕಾಯುವವನೊಡನೆ ದೋಹಕ, ಮಂಥಕರೂ ಪ್ರತ್ಯೇಕವಾಗಿ ಹೇಳಲ್ಪಟ್ಟಿದ್ದಾರೆ. ವರ್ಷಾ ಶರತ್ ಹೇಮಂತಗಳಲ್ಲಿ ಎರಡು ಹೊತ್ತು, ಶಿಶಿರ ವಸಂತ ಗ್ರೀಷ್ಮಗಳಲ್ಲಿ ಒಂದೇ ಹೊತ್ತು ಕರೆಯಬೇಕು. ಆಗ ಎರಡನೆಯ ಹೊತ್ತು ಕರೆದವನಿಗೆ ಹೆಬ್ಬೆರಳನ್ನು ಕತ್ತರಿಸುವ ದಂಡ. ಕರೆಯುವ ಕಾಲವನ್ನು ಮೀರಿದವನಿಗೆ ಅದರ ಫಲನಷ್ಟ. ದಂಡವು ಕ್ರೂರವಾದುದು. ಆದರೆ ಮೇವು ಕಡಿಮೆಯಾಗುವ ಕಾಲದಲ್ಲಿ ಹಸುವನ್ನೂ ಕರುವನ್ನೂ ಹಿಂಡಿ ಬತ್ತಿಸಬಾರದೆಂಬ ಉದ್ದೇಶವು ಋತುವಿಭಾಗದಿಂದಲೇ ಊಹ್ಯವಾಗಿದೆ. ಹಾಗೆಯೇ, ಕತ್ತರಿಸಬೇಕಾದುದು ಹೆಬ್ಬೆರಳೇ ಏಕೆಂಬುದು ಕರೆದು ಬಲ್ಲವರಿಗೆ ತಿಳಿಯುತ್ತದೆ. ಹೆಬ್ಬೆರಳಿಲ್ಲದವನು ಮತ್ತೆ ದೋಹಕನಾಗಲಾರನು. ಇಲ್ಲಿ ಮೇಧ್ಯದ ಸುದ್ದಿಯೇ ಇಲ್ಲ, ಲೆಕ್ಕವಿದೆ. ಆದಕಾರಣವೇ ಹಸುವಿನ ಮೈಗೆ ಈ ಗ್ರಂಥವು ಹೆಚ್ಚು ಹತ್ತಿರವಾಗಿದೆ. ಕನ್ನಡದಲ್ಲಿ ೧೦೨೫ರ ಚಾವುಂಡರಾಯನ ಲೋಕೋಪಕಾರವೂ, ೧೨ನೆಯ ಶತಮಾನದ ಆದಿಭಾಗದ್ದೆಂದು ಎಣಿಸುವ ಚಾಳುಕ್ಯ ಕೀರ್ತಿವರ್ಮನ ಗೋವೈದ್ಯವೂ ಲೋಕವ್ಯವಹಾರಕ್ಕೆ ಇಳಿದು ಬರೆದ ಗ್ರಂಥಗಳಾಗಿವೆ. ಗೋವೈದ್ಯದಲ್ಲಿ ಮದ್ದಿನೊಡನೆ ಮಂತ್ರವೂ ಸೇರಿದೆಯೆಂದು ಅದನ್ನು ಹಗುರಮಾಡುವುದು ಯುಕ್ತವಲ್ಲ. ಅರಮನೆಯಲ್ಲಿ ಹುಟ್ಟಿದವನೊಬ್ಬನು ದನದ ರೋಗಗಳನ್ನು ಕನ್ನಡದಲ್ಲಿ ಬರೆಯತಕ್ಕ ವಿಷಯವೆಂದು ಭಾವಿಸಿದುದೇ ಸಣ್ಣ ಸಂಗತಿಯಲ್ಲ.

ಕೊನೆಗೆ ಗೋವಿನ ಹಾಡು. ಕರ್ತೃವಿನ ಹೆಸರು ತಿಳಿಯದ ಈ ಕಥನಗೀತವು ಕನ್ನಡನಾಡಿನ ಮಕ್ಕಳೆಲ್ಲರಿಗೂ ಪರಿಚಿತವಾದುದು. ಸತ್ಯವಾಕ್ಯದ ನೀತಿಕಥೆಯೆಂದೇ ಇದನ್ನು ಬೋಧಿಸುವುದು. ನೀತಿಗೆ ಒದಗುವ ಭಾಗಗಳನ್ನು ಬಿಟ್ಟು ಆರಂಭದ ಕೊಟ್ಟಿಗೆಯ ಭಾಗವನ್ನು ಪೀಠಿಕೆಯೆಂದು ಬೇಗಬೇಗನೆ ದಾಟಿಬಿಡುತ್ತಾರೆ. ಅಲ್ಲಿ ಗೊಲ್ಲನಾದ ಕಾಳಿಂಗನು ಉದಯಕ್ಕೆ ಎದ್ದು, ನದಿಯಲ್ಲಿ ಮಿಂದು, ತಿಲಕವಿಟ್ಟು, ಶಿಖೆಯನ್ನು ಕಟ್ಟಿ, ಹಸುಗಳನ್ನು ನದಿಗಳ ಮತ್ತು ದೇವಿಯರ ಹೆಸರುಗಳಿಂದ ಕೂಗುತ್ತಾನೆ; ಅವು ಬಂದು ನಿಂತು ಹಾಲು ಚೆಲ್ಲುವಂತಾಗಿ ಬಿಂದಿಗೆ ತುಂಬುತ್ತದೆ. ಗೊಲ್ಲನ ಸ್ನಾನವನ್ನು ಹಿಡಿದು ಎರಡನೆಯ ಪಕ್ಷದವರು ನೈರ್ಮಲ್ಯಶಾಸ್ತ್ರವನ್ನು ಹೇಳಹೊರಡುತ್ತಾರೆ; ಅದಕ್ಕೆ ಉತ್ತರವು ಹಿಂದೆಯೇ ಬಂದಿದೆ. ಕೂದಲನ್ನು ಕಟ್ಟಿಕೊಂಡು ಕರೆಯಲು ಕೂರುವುದು ಮಾತ್ರ ಇಂದಿಗೂ ಒಪ್ಪತಕ್ಕ ಕ್ರಮ.

ಹೆಸರಿಟ್ಟು ಕೂಗುವುದು ಇನ್ನೂ ರಸವತ್ತಾದ ವಿಷಯ. ೨೦೦೯ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ೫೧೬ ಮಂದಿ ಗೋಪಾಲಕರನ್ನು ವಿಚಾರಿಸಿ, ಹಸುಗಳನ್ನು ಹೆಸರಿನಿಂದ ಕರೆಯುವವರ ಕೊಟ್ಟಿಗೆಗಳಲ್ಲಿ ಹಸುವೊಂದಕ್ಕೆ ವರ್ಷಕ್ಕೆ ೨೫೮ ಲೀಟರು ಹೆಚ್ಚು ಹಾಲು ದೊರೆತುದಾಗಿ ಪ್ರಕಟಿಸಿದರು. ಹೆಸರೇ ಹಾಲು ಕೊಟ್ಟಿತೆಂದು ಇದರಿಂದ ಸ್ಥಾಪಿತವಾಗುವುದಿಲ್ಲ; ಹೆಸರಿಡುವವನು ಮೇವಿನಲ್ಲಿಯೂ ಆರೈಕೆಯಲ್ಲಿಯೂ ಗಮನವುಳ್ಳವನಾಗಿರುವನು, ಅವನ ಹಸುವು ಬೆದರುವುದಿಲ್ಲ, ಬೆದರದ ಹಸು ತೊರೆ ಬಿಡುತ್ತದೆ. ಆದರೂ ನಿತ್ಯದ ಧ್ವನಿಯನ್ನು ಕೇಳಿ ಕೆಚ್ಚಲು ತುಂಬಿಕೊಂಡಿತೆಂಬ ಹಾಡಿನ ಚಿತ್ರವು ನಂದಿನಿಯ ಚಿತ್ರದಂತೆಯೇ ಮುಖ್ಯಾರ್ಥದಲ್ಲಿ ನಿಲ್ಲುತ್ತದೆ. (ಕರ್ನಾಟಕದ ಹಾಲು ಒಕ್ಕೂಟವು ತನ್ನ ಹಾಲಿಗೆ ‘ನಂದಿನಿ’ ಎಂದೇ ಹೆಸರಿಟ್ಟಿದೆ; ಕಾಳಿದಾಸನನ್ನು ಓದದವರ ಮನೆಗೂ ಆ ಹೆಸರು ದಿನವೂ ಮುಂಜಾನೆ ಬರುತ್ತದೆ.)

ಈ ಭಾಗದಲ್ಲಿ ‘ಕರೆ’ ಎಂಬ ಧಾತುವು ಕೂಗುವ ಅರ್ಥದಲ್ಲಿಯೂ ಹಾಲು ಹಿಂಡುವ ಅರ್ಥದಲ್ಲಿಯೂ ಒಂದೇ ಪದ್ಯದಲ್ಲಿ ಬಂದಿದೆ. ಕೂಗಿದರೆ ಹಾಲು ಬರುವುದರಿಂದಲೇ ಹಾಲು ಹಿಂಡುವುದಕ್ಕೆ ಕರೆಯುವುದೆಂಬ ಹೆಸರು ಬಂದಿತೆಂದು ಕೆಲವು ಅಧ್ಯಾಪಕರು ವ್ಯುತ್ಪತ್ತಿ ಹೇಳುವುದುಂಟು. ಮನೋಹರವಾದ ವ್ಯುತ್ಪತ್ತಿ, ಆದರೆ ಅಸಂಗತ. ಹಳಗನ್ನಡದಲ್ಲಿ ಕೂಗುವುದು ‘ಕರೆ’, ಹಾಲು ಹಿಂಡುವುದು ‘ಕಱೆ’. ಮೊದಲನೆಯದು ರೇಫೆ, ಎರಡನೆಯದು ಶಕಟರೇಫೆ. ತಮಿಳಿನಲ್ಲಿ ಇಂದಿಗೂ ಹಾಲು ಹಿಂಡುವ ಧಾತುವಿನಲ್ಲಿ ಆ ಅಕ್ಷರವು ಉಳಿದಿದೆ. ಱಕಾರವುಳ್ಳ ಶಬ್ದಗಳನ್ನು ಕೇಶಿರಾಜನು ಶ್ರಮಪಟ್ಟು ವಿಂಗಡಿಸಿದುದು ಇಂತಹ ಸಾಂಕರ್ಯವು ಒದಗಬಾರದೆಂದೇ. ಆಮೇಲೆ ಬಳಕೆಯಲ್ಲಿ ಱಕಾರವು ಅಳಿದು ಎರಡು ಧಾತುಗಳೂ ಒಂದೇ ರೂಪವನ್ನು ತಳೆದುವು. ಹಾಡಿನ ಕವಿಯು ದೊರೆತ ಆ ಅವಕಾಶವನ್ನು ಬಳಸಿಕೊಂಡನು. ಅಂದಮೇಲೆ ಇದು ಧಾತುವಿನ ರಹಸ್ಯವಲ್ಲ, ಕವಿಯ ಜಾಣ್ಮೆ. ಶ್ಲೇಷದ ಯಶಸ್ಸು ಕವಿಗೆ ಸಲ್ಲತಕ್ಕದ್ದು, ವ್ಯಾಕರಣಕ್ಕಲ್ಲ. ಹಾಡಿನ ಈಗಿನ ರೂಪವು ಱಕಾರವು ಉಚ್ಚಾರದಲ್ಲಿ ಅಳಿದ ಬಳಿಕದ್ದೆಂಬುದಕ್ಕೂ ಇದು ಒಂದು ಗಮಕವಾಗಬಹುದು.

ಇನ್ನು ಕಥೆಯ ಮರ್ಮಸ್ಥಾನ. ಹುಲಿಗೆ ಮಾತು ಕೊಟ್ಟು ಪುಣ್ಯಕೋಟಿಯು ದೊಡ್ಡಿಗೆ ಬಂದುದು ಕರುವಿಗೆ ಮೊಲೆಯುಣಿಸಲಿಕ್ಕಾಗಿ. ತಾನು ಮುಂದೆ ಯಾರ ಮೊಲೆಯನ್ನು ಕುಡಿಯಲೆಂದು ಕರು ಕೇಳುತ್ತದೆ. ತಾಯಿಯು ತನ್ನ ಒಡಹುಟ್ಟುಗಳಂತಿರುವ ಹಸುಗಳ ಕಡೆ ತಿರುಗಿ, ಈ ಕಂದನು ಎದುರಿಗೆ ಬಂದಾಗ ಕೊಂಬಿನಿಂದ ತಿವಿಯದಿರಬೇಕೆಂದೂ, ಹಿಂದಿನಿಂದ ಬಂದಾಗ ಕಾಲಿನಿಂದ ಝಾಡಿಸದಿರಬೇಕೆಂದೂ ಬೇಡಿಕೊಳ್ಳುತ್ತದೆ. ಇದನ್ನು ಕರುಣರಸದ ಸಾಮಾನ್ಯವಾದ ಪೋಷಣೆಯೆಂದು ಬೋಧಿಸುವವರು ಅದರ ತೀಕ್ಷ್ಣತೆಯನ್ನು ತಾವೇ ಮೊಂಡುಮಾಡುತ್ತಾರೆ. ಹಸುವು ಈದ ಕೆಲವು ಗಂಟೆಗಳೊಳಗೆ ಕರುವನ್ನು ನೆಕ್ಕಿ ಅದರ ವಾಸನೆಯನ್ನು ಹಿಡಿಯುತ್ತದೆ; ಆಮೇಲೆ ಅನ್ಯರ ಕರು ಕೆಚ್ಚಲಿಗೆ ಬಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಮುಂದಿನಿಂದ ಬಂದುದನ್ನು ಮೂಸಿ ಅರಿತು ಹಾಯುತ್ತದೆ. ಹಾಲಿಗೆ ಕಳ್ಳತನದಿಂದ ಎಳಸುವ ಕರುವಾದರೋ ಮೂಸಿಗೆ ಸಿಕ್ಕದಂತೆ ಹಿಂಗಾಲುಗಳ ನಡುವೆ ತಲೆಯಿಡುತ್ತದೆ. ಆಗ ಬೀಳುವುದು ಒದೆ. ಎದುರು ಹಿಂದು ಎಂಬ ಎರಡು ದಿಕ್ಕುಗಳೂ, ತಿವಿತ ಒದೆ ಎಂಬ ಎರಡು ಶಿಕ್ಷೆಗಳೂ ಪ್ರಾಸಕ್ಕಾಗಿ ಬಂದುವಲ್ಲ. ತಬ್ಬಲಿಯಾದ ಕರು ದೊಡ್ಡಿಯಲ್ಲಿ ನಿಜವಾಗಿ ಅನುಭವಿಸುವ ಎರಡು ಅವಸ್ಥೆಗಳೇ ಅವು. ಆ ಕರುವಿಗೆ ಹಾಲು ಬೇಕಾದರೆ ಇನ್ನೊಂದು ಹಸುವು ತನ್ನ ಸ್ವಭಾವವನ್ನೇ ಮೀರಬೇಕು. ಹುಲಿಯು ತನ್ನ ಸ್ವಭಾವವನ್ನು ಮೀರಿದುದನ್ನು ಎಲ್ಲರೂ ಪಾಠದಲ್ಲಿ ಹೇಳುತ್ತಾರೆ. ಅದಕ್ಕೆ ಮೊದಲೇ, ದೊಡ್ಡಿಯಲ್ಲಿ, ಹಸುಗಳಿಂದ ಅದೇ ಕೇಳಲ್ಪಟ್ಟಿದೆ; ಅವು ಒಪ್ಪಿ ಆ ಕರುವನ್ನು ತಮ್ಮದೆಂದುಕೊಂಡು ಮಾತು ಕೊಡುತ್ತವೆ.